ನೀರು ಎಲ್ಲಿಗೆ ಬಂತು, ಮಾದಣ್ಣ?

ಸೀಸದಗುಡ್ಡ ಗಣಿ ಕಾಲೋನಿ,
ಗುಂಡ್ಲುಪೇಟೆ ತಾಲ್ಲೂಕು
11 ಫೆಬ್ರವರಿ 2002

ಚಾಮರಾಜನಗರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ರಾಚಮ್ಮನವರಿಗೆ,

ತಿಳಿಸಲು ವ್ಯಸನವಾಗುತ್ತದೆ. ನಿಮ್ಮ ಯಜಮಾನರ ಜೊತೆಗಾರರೂ ಈ ಗಣಿಯ ಪಂಪ್ ಆಪರೇಟರೂ ಆದ ಚಿಕ್ಕಮಾದಯ್ಯನವರು ಮೊನ್ನೆ ಬೆಳಿಗ್ಗೆ ತೀರಿಕೊಂಡರು. ಮುದ್ದೆಯ ಮೊದಲ ತುತ್ತು ಗಂಟಲಲ್ಲಿ ಇಳಿಯಿತು, ಎರಡನೆಯದು ಕೈಯಲ್ಲೇ ಉಳಿಯಿತು. ತಾವು ಬಂದು ಒಂದು ಹಿಡಿ ಮಣ್ಣು ಹಾಕಿದರೆ ಸತ್ತವರಿಗೆ ಬಹಳ ಸಂತೋಷವಾಗುತ್ತದೆ. ಹಾಳೆ ತಿರುಗಿಸಿ.

ತಿರುಗಿಸಿದೆಯಾ ರಾಚವ್ವ? ಅಳಬೇಡ, ಬದುಕಿದ್ದೇನೆ. ದೀಪಾವಳಿಯಿಂದ ಕಾಗದದ ಮೇಲೆ ಕಾಗದ ಹಾಕಿದೆ, ನಿನ್ನಿಂದ ಒಂದಕ್ಷರವಿಲ್ಲ. ಬದುಕಿರುವವನಿಗೆ ಉತ್ತರ ಬರೆಯದವಳು ಸತ್ತವನಿಗಾದರೂ ಬರೆದಾಳು ಎಂದು ಸತ್ತು ನೋಡಿದೆ. ನಿನ್ನ ಅತ್ತಿಗೆ ಈರಮ್ಮ ಹಿಂದಿನಿಂದ ಇಣುಕಿ, "ನಿನ್ ಬಾಯ್ಗೆ ಮಣ್ಣಾಕ" ಎಂದಳು. "ಅದ್ಕೇ ಕಣಮ್ಮಿ ರಾಚವ್ವನ್ನ ಕರೀತಿರೋದು" ಎಂದೆ.

ನಿಜವಾಗಿ ಸಾಯುತ್ತಿರುವುದು ಗಣಿ. ಮೈಸೂರಿನಿಂದ ಜೀಪಿನಲ್ಲಿ ಬಂದವರು, ಬಂದು, ಬಂದ್ ಮಾಡಿ ಹೋದರು. ಅದಿರು ತೆಳ್ಳಗಾಗಿದೆಯಂತೆ. ಹಡಗಿನಲ್ಲಿ ಹೊರಗಿನಿಂದ ಬರುವ ಸೀಸವೇ ಅಗ್ಗವಂತೆ. ಮಾರ್ಚಿ ಕೊನೆಗೆ ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಇಷ್ಟು ದಿನ ಸೀಸ ಎತ್ತಿದವರು ಇನ್ನು ಸೀಸೆ ಎತ್ತುತ್ತಾರೆ. ನನ್ನೊಬ್ಬನನ್ನು ಉಳಿಸಿಕೊಂಡಿದ್ದಾರೆ. ಯಾರಾದರೂ ಕೊಂಡುಕೊಳ್ಳಲು ಬರುವ ತನಕ ಪಂಪ್ ಓಡಬೇಕಲ್ಲ. ಅದು ನಿಂತರೆ ನೆಲದ ನೀರು ಮೇಲೇರಿ ಸುರಂಗದ ನಾಲ್ಕು ಲೆವೆಲ್ಲನ್ನೂ ಕೆಳಗಿನಿಂದ ಒಂದೊಂದಾಗಿ ನುಂಗುತ್ತದೆ.

ಇವತ್ತಿಗೆ ನೀರು ನಾಲ್ಕನೆಯದರ ಕೆಳಗಿದೆ. ನಿನ್ನ ಗಂಡ ಪುಟ್ಟಮಾದು ಮೂರನೆಯದರಲ್ಲಿ ಒಣನೆಲದಲ್ಲೇ ಮಲಗಿದ್ದಾನೆ. ಯೋಚನೆ ಮಾಡಬೇಡ.

ಇಂತಿ,
ದಿವಂಗತ ಚಿಕ್ಕಮಾದಯ್ಯ


ಚಾಮರಾಜನಗರ
19 ಫೆಬ್ರವರಿ 2002

ಮಾದಣ್ಣ,

ನಿನ್ನ ಕಾಗದದ ಮುಂಭಾಗ ಓದಿದ್ದು ಹಾಸ್ಟೆಲಿನ ಅಡುಗೆಮನೆಯಲ್ಲಿ. ಹಿಂಭಾಗ ಓದಿದ್ದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ. ನಡುವೆ ಸಾರಿನ ಪಾತ್ರೆ ಇಳಿಸಿ, ವಾರ್ಡನ್ನಿಗೆ ಹೇಳಿ, ಒಂದು ಚೆಂಡುಹೂವಿನ ಹಾರ ಕೊಂಡು, ದಾರಿಯುದ್ದಕ್ಕೂ ಅತ್ತೆ. ಎಲ್ಲಿ ಮಣ್ಣು ಮಾಡಿದ್ದಾರೆಂದು ಬರೆದಿದೆಯೋ ನೋಡೋಣ ಎಂದು ಮತ್ತೆ ತೆಗೆದಾಗ ಹಾಳೆ ತಿರುಗಿತು.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೇಳಿದಳು: "ಯಾರ್ಗವ್ವ ಹಾರ?"

"ಸತ್ತೋರ್ಗೆ ಅಂತ ತಂದೆ ಕಣಕ್ಕ. ಸತ್ತಿಲ್ವಂತೆ."

"ಒಳ್ಳೇದಾಯ್ತಲ್ಲ ಬುಡವ್ವ."

"ಎಂತ ಒಳ್ಳೇದು? ಈಗ ಓಗಿ ಸಾಯಿಸ್ಬೇಕು."

ಹಾರವನ್ನು ಬಸ್ಸಿನ ಡ್ರೈವರಿಗೆ ಕೊಟ್ಟೆ, ಮುಂದಿನ ದೇವರ ಪಟಕ್ಕೆ ಹಾಕಿಕೊಂಡ. ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಗುಡ್ಡಕ್ಕೆ ಬಂದಿದ್ದರೆ ನಿನಗೆ ನಿಜವಾಗಿ ಏನಾದರೂ ಆಗುತ್ತಿತ್ತು. ಅತ್ತಿಗೆ ಪುಣ್ಯವಂತೆ.

ಈಗ ನನ್ನ ಮಾತು. ಮೂರನೇ ಲೆವೆಲ್ಲಿನಲ್ಲಿ ಕಲ್ಲು ಕುಸಿದು ಇವರು ಒಳಗುಳಿದಾಗ, ಆ ಬಾಯಿಗೆ ಗೋಡೆ ಕಟ್ಟಿಸಿ, "ಮುಂದೆ ಆ ಭಾಗ ತೆರೆದಾಗ ತೆಗೆಸಿಕೊಡುತ್ತೇವಮ್ಮ" ಎಂದು ಅಂದಿನ ಸಾಹೇಬರು ಹೇಳಿದ್ದರು. ಅದಕ್ಕೇ ನಾನು ಕುಂಕುಮ ಅಳಿಸಲಿಲ್ಲ, ಕರಿಮಣಿ ತೆಗೆಯಲಿಲ್ಲ. ಮಣ್ಣು ಮಾಡದೆ, ಮೂರನೇ ದಿನದ ಹಾಲುತುಪ್ಪ ಬಿಡದೆ, ಹೇಗೆ ತೆಗೆಯಲಿ? ಜನ ಏನೇನೋ ಅಂದರು, ಅನ್ನಲಿ. ಗಣಿ ಮುಚ್ಚುವ ಮುಂಚೆ ಅವರನ್ನು ಮೇಲಕ್ಕೆ ತರಿಸು. ಎಲುಬಾದರೂ ಸರಿ. ಇದನ್ನು ತಮಾಷೆ ಮಾಡಬೇಡ. ನೀರು ಎಲ್ಲಿಗೆ ಬಂತೆಂದು ಪ್ರತಿ ಕಾಗದದಲ್ಲೂ ಬರಿ.

ರಾಚಮ್ಮ


ಸೀಸದಗುಡ್ಡ
5 ಏಪ್ರಿಲ್ 2002

ರಾಚವ್ವ,

ಸಾಯಿಸಲು ಬರುವಾಗ ಮುಂಚೆ ಒಂದು ಕಾರ್ಡು ಹಾಕು, ಕ್ಷೌರ ಮಾಡಿಸಿಕೊಂಡಿರುತ್ತೇನೆ.

ಸೈರನ್ ನಿಂತಿತು. ಕೊನೆಯ ದಿನ ಅದನ್ನು ಒತ್ತಲು ಯಾರೂ ಮುಂದೆ ಬರಲಿಲ್ಲ, ಎಲ್ಲರೂ ಎಲ್ಲರ ಮುಖ ನೋಡಿದರು. ಒಂದು ಕಾಲಕ್ಕೆ ಅದು ಕೂಗಿದರೆ ನಮ್ಮ ತಾಲ್ಲೂಕಿನ ಮದ್ದೂರಿನ ಕಡೆಯ ಹಟ್ಟಿಗಳಲ್ಲಿ ಹಾಲು ಕರೆಯಲು ಏಳುತ್ತಿದ್ದರು. ನಮ್ಮಪ್ಪ ಹೇಳುತ್ತಿದ್ದ: ಈ ಗುಡ್ಡದಲ್ಲಿ ದನ ಕಾಯುವವರು ಒಲೆ ಹೂಡಿದಾಗ ಒಲೆಗುಂಡೇ ಕರಗಿ ಬೂದಿಯಲ್ಲಿ ಹೊಳೆಯುವ ಹನಿ ಸಿಕ್ಕಿತಂತೆ. ಅದನ್ನು ಕೇಳಿ ಮಹಾರಾಜರ ಕಾಲದಲ್ಲಿ ಒಬ್ಬ ಬಿಳಿ ದೊರೆ ಬಂದ. ಬಂದೂಕಿನ ಗುಂಡಿಗೆ ಸೀಸ ಬೇಕಾಗಿತ್ತು. ಯುದ್ಧ ಮುಗಿಯಿತು, ದೊರೆ ಕುದುರೆ ಹತ್ತಿದ. ಗುಂಡಿಗಾಗಿ ಬಂದವನು ಗುಂಡಿ ಬಿಟ್ಟು ಹೋದ. ಆಮೇಲೆ ಕಂಪನಿ ಬಂತು. ಕ್ವಾರ್ಟರ್ಸು, ಸ್ಕೂಲು, ಶನಿವಾರ ಕ್ಯಾಂಟೀನಿನ ಗೋಡೆಗೆ ಪಂಚೆ ಕಟ್ಟಿ ಸಿನಿಮಾ. ನೀನು ಮದುವೆಯಾಗಿ ಬಂದ ವಾರ ಒಂದು ತುಂಡು ಅದಿರು ಕೊಟ್ಟು, "ಬೆಳ್ಳಿ ಕಣಮ್ಮಿ, ಯಾರ್ಗೂ ಏಳ್ಬೇಡ" ಎಂದಿದ್ದೆ. ನೀನು ಅದನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯೊಳಗೆ ಸುತ್ತಿಟ್ಟು ಸೀರೆಗೆಲ್ಲ ಮಸಿ ಮಾಡಿಕೊಂಡೆ. ಪುಟ್ಟಮಾದು ನನ್ನ ಜೊತೆ ತಿಂಗಳು ಮಾತಾಡಲಿಲ್ಲ.

ಈಗ ಉಳಿದಿರುವ ಸಾಹೇಬರು ಶಾಂತಮಲ್ಲಪ್ಪನವರೊಬ್ಬರೇ. ಅವರ ಹತ್ತಿರ ಹೋದೆ.

"ಸಾ, ಮೂರ್ನೇ ಲೆವೆಲ್ ಗೋಡೆ ಒಡ್ದು ನಮ್ ಪುಟ್ಟಮಾದೂನ ಮೇಲಕ್ ತಂದ್ಬುಡಾನ."

"ಅಲ್ಲಿ ಮೇಲಿನ ಕಲ್ಲು ಸಡಿಲ ಇದೆ ಮಾದಯ್ಯ. ಗೋಡೆ ಮುಟ್ಟಿದ್ರೆ ಇನ್ನಿಬ್ಬರು ಹೋಗ್ತಾರೆ."

"ನಾನೊಬ್ನೇ ಓಯ್ತೀನಿ. ನಾನು ಓದ್ರೆ ಊರ್ಗೇ ಒಳ್ಳೇದು ಸಾ."

ನಕ್ಕರು. ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದರು. ಬರೆದಿದ್ದಾರೆ. ದೊಡ್ಡವರ ಉತ್ತರ ನಿಧಾನವಾಗಿ ಬರುತ್ತದೆ, ನಿನ್ನ ಉತ್ತರದ ಹಾಗೆ.

ನೀರು ನಾಲ್ಕನೆಯದರ ಕೆಳಗೇ ಇದೆ. ನೀನು ಮಾತ್ರ ಬರಬೇಡ. ಕಾಲೋನಿಯ ಬಸ್ ನಿಲ್ಲಿಸಿದ್ದಾರೆ, ಕಾಡಿನ ರಸ್ತೆಯಲ್ಲಿ ಒಂಟಿ ಸಲಗ ತಿರುಗುತ್ತಿದೆ. ಅದಕ್ಕೆ ತಮಾಷೆ ಗೊತ್ತಿಲ್ಲ.

ಚಿಕ್ಕಮಾದಯ್ಯ


ಚಾಮರಾಜನಗರ
18 ಜೂನ್ 2002

ಮಾದಣ್ಣ,

ಉತ್ತರ ಬಂತೇ? ಇಲ್ಲಿ ನಾನೂ ಸುಮ್ಮನೆ ಕುಳಿತಿಲ್ಲ. ಹಾಸ್ಟೆಲಿನ ಹುಡುಗಿಯರಿಂದ ಅರ್ಜಿ ಬರೆಸಿಕೊಂಡು ಕಚೇರಿಗೆ ಹೋದೆ. ಅಲ್ಲಿಂದ ಇನ್ನೊಂದು ಕಚೇರಿ. ಅಲ್ಲಿಂದ ಮೊದಲನೆಯದಕ್ಕೆ. ಕೊನೆಗೆ ಒಬ್ಬ ಗುಮಾಸ್ತ ಕುರ್ಚಿ ತೋರಿಸಿದ.

"ಯಾವಾಗಮ್ಮ ತೀರಿಕೊಂಡಿದ್ದು?"

"ಎಂಬತ್ತೆಂಟ್ರಲ್ಲಿ ಸ್ವಾಮಿ."

"ಇಷ್ಟು ವರ್ಷ ಸುಮ್ನಿದ್ದು ಈಗ ಕೇಳ್ತಿದ್ದೀರಲ್ಲ?"

"ಅಲ್ಲಿ ಕೆಲ್ಸ ನಡೀತಿತ್ತು ಸ್ವಾಮಿ. ಜನ ಇಳೀತಿದ್ರು, ಮೇಲಕ್ ಅತ್ತುತಿದ್ರು. ಅವ್ರ ಜೊತೆ ಇವ್ರೂ ಅವ್ರೆ ಅನ್ಕೊಂಡಿದ್ದೆ."

ಆತ ಪೆನ್ನು ಮುಚ್ಚಿ, "ಕಳಿಸ್ತೀನಿ, ಹೋಗಿ ಬನ್ನಿ" ಎಂದ. ಒಳ್ಳೆಯವನ ಹಾಗೆ ಕಂಡ.

ಉಮ್ಮತ್ತೂರಿನಲ್ಲಿ ನನ್ನ ತಮ್ಮ ಹೊಲದ ಅಂಚಿನಲ್ಲಿ ಜಾಗ ಕೊಟ್ಟ. ಹುಣಸೆಮರದ ನೆರಳಿದೆ. ಮಳೆ ಹಿಡಿದರೆ ಕಷ್ಟವೆಂದು ಗುಂಡಿಯನ್ನೂ ತೋಡಿಸಿದ್ದೇನೆ. ಗುಂಡಿ ಬಾಯಿ ತೆರೆದುಕೊಂಡು ಕಾಯಬಾರದು, ಮನೆಯವರನ್ನೇ ಕೇಳುತ್ತದೆ ಎಂದು ತಮ್ಮ ಹೆದರಿದ. ಅದಕ್ಕೆ ಒಂದು ಬಾಳೆದಿಂಡು ಮಲಗಿಸಿ ಮೇಲೆ ಮಣ್ಣೆಳೆದೆವು. ಇವರು ಬಂದ ದಿನ ದಿಂಡು ತೆಗೆದರಾಯಿತು. ಊರಿನವರಿಗೆಲ್ಲ ಹೇಳಿದ್ದೇನೆ. "ಈ ಸಲದ ಮಾರ್ನಮಿ ಅಮಾಸೆಗೆ ಎಡೆ ಇಲ್ಲೇ ಇಡ್ಬೌದು ಬುಡಕ್ಕ" ಎನ್ನುತ್ತಿದ್ದಾರೆ.

ಪಂಪ್ ಜೋಪಾನ ಮಾದಣ್ಣ. ರಾತ್ರಿ ಮಲಗಿದಾಗ ಇಲ್ಲಿಗೂ ಅದರ ಸದ್ದು ಕೇಳಿದ ಹಾಗಾಗುತ್ತದೆ. ನೀರು ಎಲ್ಲಿಗೆ ಬಂತು?

ರಾಚಮ್ಮ


ಸೀಸದಗುಡ್ಡ
30 ಆಗಸ್ಟ್ 2002

ರಾಚವ್ವ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕಣ್ಣಿಗೆ ಪೊರೆ ಬಂದಿದೆ, ಬರೆಯುವುದು ಕಷ್ಟ.

ಸ್ಕೂಲಿನಲ್ಲಿ ಈಗ ಶುಂಠಿ ತುಂಬಿದ್ದಾರೆ. ಕೇರಳದಿಂದ ಬಂದು ಸುತ್ತಲ ಹೊಲ ಗುತ್ತಿಗೆ ಹಿಡಿದವರು ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಮೇಷ್ಟ್ರು ಎಷ್ಟು ಹೊಡೆದರೂ ನಮ್ಮ ಹುಡುಗರ ತಲೆಗೆ ಇಷ್ಟು ಖಾರ ಹತ್ತಿರಲಿಲ್ಲ. ಕ್ವಾರ್ಟರ್ಸಿನ ಶೀಟು, ಬಾಗಿಲು, ಕಿಟಕಿ ಎಲ್ಲ ಗುಜರಿಗೆ ಹೋಯಿತು. ನಿಮ್ಮ ಮನೆಯ ಗೋಡೆ ಮಾತ್ರ ಇದೆ. ಒಳಗೆ ಸೀತಾಫಲದ ಗಿಡ ಹುಟ್ಟಿದೆ.

ಡಾಕ್ಟರು ನನ್ನ ಬಾಯಿ ತೆಗೆಸಿ, ಒಸಡಿನ ಮೇಲೆ ನೀಲಿ ಗೆರೆ ಇದೆ, ಸೀಸ ಮೈಗೆ ಇಳಿದಿದೆ ಎಂದರು. ಆಚೆ ಬೆಳ್ಳಗಾದ ಮೀಸೆ ಒಳಗೆ ಹೊಸದಾಗಿ ಬರುತ್ತಿದೆ ಎಂದೆ. ನಗಲಿಲ್ಲ. ಹೊಸ ಡಾಕ್ಟರು.

ಪಂಪ್ ಚೆನ್ನಾಗಿ ಓಡುತ್ತಿದೆ. ಉತ್ತರ ಇನ್ನೂ ಬಂದಿಲ್ಲ. ಬರಬೇಡ, ಸಲಗ ಇಲ್ಲೇ ಇದೆ.

ಚಿಕ್ಕಮಾದಯ್ಯ


ಚಾಮರಾಜನಗರ
9 ಅಕ್ಟೋಬರ್ 2002

ಮಾದಣ್ಣ,

ಕಳೆದ ಭಾನುವಾರ ಅಮಾವಾಸ್ಯೆ. ಎಡೆಗೆ ಕುಂಬಳಕಾಯಿ ತರಲು ಸಂತೆಗೆ ಹೋಗಿದ್ದೆ. ಗಣಿಯೊಳಗೆ ಮರದ ಆಸರೆ ನಿಲ್ಲಿಸುತ್ತಿದ್ದ ಟಿಂಬರ್ ಕೆಲಸದ ರಾಜಣ್ಣ ಸಿಕ್ಕಿದ. ಈಗ ಇಲ್ಲಿ ಕರಿಕಲ್ಲಿನ ಕ್ವಾರಿಯಲ್ಲಿ ವಾಚ್‌ಮನ್ ಅಂತೆ. ಪಂಪ್ ಹೇಗಿದೆಯಂತೆ ಎಂದು ಕೇಳಿದೆ.

"ಯಾವ್ ಪಂಪಕ್ಕ? ಅದು ಮುಂಗಾರ್ಗೆ ಮುಂಚೇನೇ ನಿಂತೋಯ್ತಲ್ಲ. ಕೂಲಿಗ್ ಓಗಿ ಲಾರಿಗೆ ಏರ್ಸಿದ್ದು ನಾವೇಯ."

ಕುಂಬಳಕಾಯಿ ಅಲ್ಲೇ ಬಿಟ್ಟು ಬಂದೆ. ನಿನ್ನ ಕಾಗದ ತೆಗೆದು ನೋಡಿದೆ. "ಪಂಪ್ ಚೆನ್ನಾಗಿ ಓಡುತ್ತಿದೆ." ಆಗಸ್ಟ್ ಮೂವತ್ತು.

ಓಡುತ್ತಿದೆಯೋ ಇಲ್ಲವೋ ಬರಿ. ಬೇರೆ ಏನೂ ಬರೆಯಬೇಡ.

ರಾಚಮ್ಮ


ಸೀಸದಗುಡ್ಡ
17 ಅಕ್ಟೋಬರ್ 2002

ರಾಚವ್ವ,

ಓಡುತ್ತಿಲ್ಲ. ಜೂನ್ ಮೊದಲ ವಾರದಲ್ಲಿ ನಿಂತಿತು. ಕೊಂಡುಕೊಳ್ಳುವವರು ಯಾರೂ ಬರಲಿಲ್ಲ, ಕರೆಂಟ್ ಕಿತ್ತುಹಾಕಲು ಆರ್ಡರ್ ಬಂತು. ನೀನು ಗುಂಡಿ ತೋಡಿಸಿದ ಕಾಗದ ಕೈಗೆ ಬಂದಾಗ ನೀರು ನಾಲ್ಕನೆಯದನ್ನು ತುಂಬುತ್ತಿತ್ತು. ಏನೆಂದು ಬರೆಯಲಿ?

ಬೇರೆ ಏನೂ ಬರೆಯಬೇಡ ಎಂದಿದ್ದೀಯ. ಆದರೂ ಇದೊಂದನ್ನು ಕೇಳು.

ಆವತ್ತು ಎಲ್ಲರೂ ಪಂಪ್‌ಮನೆಯ ಹತ್ತಿರ ಇದ್ದರು. ನಾನು ಗಣಿಬಾಯಿಗೆ ಹೋದೆ. ಜನರನ್ನು ಇಳಿಸುವ ಕಬ್ಬಿಣದ ಗೂಡನ್ನು ಖಾಲಿಯಾಗಿಯೇ ಮೂರನೇ ಲೆವೆಲ್ಲಿಗೆ ಇಳಿಸಿದೆ. ಗಂಟೆ ಹೊಡೆದೆ. ನಿನಗೆ ಗೊತ್ತಿರಬೇಕು, ಒಂದು ಗಂಟೆ ಎಂದರೆ ನಿಲ್ಲಿಸು, ಎರಡು ಎಂದರೆ ಇಳಿಸು, ಮೂರು ಎಂದರೆ ಒಳಗೆ ಮನುಷ್ಯರಿದ್ದಾರೆ, ನಿಧಾನವಾಗಿ ಎಳೆ. ನಾನು ಮೂರು ಹೊಡೆದೆ. ಬಾಣಂತಿಯನ್ನು ಕರೆತರುವ ಹಾಗೆ ಎಳೆದೆ. ಹಗ್ಗದ ಮೇಲೆ ಭಾರವಿತ್ತು ರಾಚವ್ವ. ಖಾಲಿ ಗೂಡು ಹಾಗೆ ಎಳೆಯುವುದಿಲ್ಲ, ನನ್ನ ಕೈಗೆ ಗೊತ್ತು. ಮೇಲೆ ಬಂದಾಗ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತೆ. ಒಬ್ಬ ಮನುಷ್ಯ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. "ಬಂದ್ಯೇನ್ಲಾ?" ಎಂದೆ. ಈರಮ್ಮ ಕೊಟ್ಟಿದ್ದ ಹಾಲನ್ನು ಅಲ್ಲೇ ನೆಲಕ್ಕೆ ಬಿಟ್ಟೆ. ಆಮೇಲೆ ಹೋಗಿ ಪಂಪ್ ನಿಲ್ಲಿಸಿದೆ.

ಎಲುಬು ಅಲ್ಲೇ ಇದೆ. ಅವನು ಅಲ್ಲಿಲ್ಲ. ಇಷ್ಟು ತಿಳಿದುಕೊ.

ಚಿಕ್ಕಮಾದಯ್ಯ


ಉಮ್ಮತ್ತೂರು
28 ನವೆಂಬರ್ 2002

ಮಾದಣ್ಣ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಓದಿ ಉಮ್ಮತ್ತೂರಿಗೆ ಬಂದೆ. ಊರಿನವರನ್ನು ಕರೆದು, ಹುಣಸೆಮರದ ಕೆಳಗೆ ಆ ಬಾಳೆದಿಂಡಿನ ಮಣ್ಣಿನ ಮೇಲೆಯೇ ಹಾಲುತುಪ್ಪ ಬಿಟ್ಟೆ. ಗುಡ್ಡೆಗೆ ಒಂದು ಕಲ್ಲು ನಿಲ್ಲಿಸಿದೆವು. ಆಚೆ ಮನೆಯ ಚಿಕ್ಕಬಸಮ್ಮ ಬಾವಿಯ ಹತ್ತಿರ ಕೂರಿಸಿ ಬಳೆ ಒಡೆದಳು, ಕುಂಕುಮ ಒರೆಸಿದಳು. ಕರಿಮಣಿಯನ್ನು ನಾನೇ ಬಿಚ್ಚಿದೆ. ಅಳು ಬರಲಿಲ್ಲ. ಬಂದರಲ್ಲ ಎಂದು ಹಗುರವಾಗಿತ್ತು.

ಶಾಸ್ತ್ರದ ಊಟಕ್ಕೆ ರಾಜಣ್ಣನನ್ನೂ ಕರೆದಿದ್ದೆ. ಎಲೆಯ ಮುಂದೆ ಕುಳಿತವನಿಗೆ, ನೀನು ಮಾಡಿದ್ದನ್ನು ಹೆಮ್ಮೆಯಿಂದ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದ.

"ಮಾದಣ್ಣ ಅಂಗಂದ್ನಾ?"

"ಊಂ. ಯಾಕ್ಲಾ?"

"ಏನಿಲ್ಲ ಬುಡಕ್ಕ, ಸಾರು ಬುಡು."

"ಏಳ್ಲಾ ರಾಜ."

"ಗೂಡಿನ ಹಗ್ಗ ಮಾರ್ಚಿ ಕೊನೇಲೇ ಬಿಚ್ಚಿ ಮಾರ್ಬುಟ್ರಕ್ಕ. ಗಣಿಬಾಯಿಗೆ ಕಾಂಕ್ರೀಟ್ ಹಲಗೆ ಮುಚ್ಚಿದ್ದೂ ಆವಾಗ್ಲೇಯ. ಜೂನ್ಗೆ ಅಲ್ಲಿ ಎಳೆಯಾಕೆ ಏನಿತ್ತು?"

ನಾನು ಸಾರು ಬಡಿಸಿದೆ. ಎಲ್ಲರೂ ಉಂಡು ಹೋದರು.

ಮಾರ್ಚಿ ತನಕ ಹಗ್ಗ ಇತ್ತು. ಹಾರ ಹಿಡಿದು ಗುಂಡ್ಲುಪೇಟೆಗೆ ಬಂದ ದಿನ ಗೂಡು ಇನ್ನೂ ಓಡುತ್ತಿತ್ತು. ಕೋಪ ನುಂಗಿಕೊಂಡು ಗುಡ್ಡಕ್ಕೆ ಬಂದಿದ್ದರೆ, ಆ ಸಾಹೇಬರ ಕಾಲು ಹಿಡಿಯುತ್ತಿದ್ದೆ. ಆಗುತ್ತಿತ್ತೋ ಇಲ್ಲವೋ. ಹಿಡಿದಿದ್ದೆ ಎಂದಾದರೂ ಇರುತ್ತಿತ್ತು.

ಒಂದು ಸಲ ಬಿಚ್ಚಿದ ಕರಿಮಣಿಯನ್ನು ಮತ್ತೆ ಕಟ್ಟಿಕೊಳ್ಳುವುದಿಲ್ಲ ಅಣ್ಣ. ಇಲ್ಲಿ ದಿನಾ ಬೆಳಿಗ್ಗೆ ಒಂದು ಬಾಳೆದಿಂಡಿಗೆ ಹೂವಿಡುತ್ತಿದ್ದೇನೆ. ಊರಿನವರು ಕೈಮುಗಿದು ಹೋಗುತ್ತಾರೆ, ಅವರಿಗೆ ಹೇಳಲು ನನಗೆ ಬಾಯಿಲ್ಲ.

ನನಗೆ ಕೋಪವಿಲ್ಲ. ಗಂಟೆ ಹೊಡೆಯಲಿಲ್ಲ, ಗೂಡು ಎಳೆಯಲಿಲ್ಲ. ಹಾಗಾದರೆ ಆವತ್ತು ನೀನು ಏನು ಮಾಡಿದೆ? ಅವರ ತಲೆಯ ಮೇಲೆ ನೀರು ಬಿಟ್ಟ ದಿನ, ಅವರ ಜೊತೆಗಾರ ಏನು ಮಾಡಿದ? ಅದನ್ನಾದರೂ ತಿಳಿದುಕೊಳ್ಳುತ್ತೇನೆ.

ರಾಚಮ್ಮ


ಸೀಸದಗುಡ್ಡ
20 ಜನವರಿ 2003

ರಾಚವ್ವ,

ಸಂಕ್ರಾಂತಿಯೂ ಕಳೆಯಿತು. ಬರೆಯಲು ಕುಳಿತು ಎದ್ದು, ಕುಳಿತು ಎದ್ದು, ಇಷ್ಟು ದಿನವಾಯಿತು. ಈರಮ್ಮ, "ಸುಳ್ಳು ಬರ್ಯಾಗಿದ್ರೆ ಇಷ್ಟೊತ್ಗೆ ಪೋಸ್ಟ್ ಆಗಿರೋದು" ಎಂದಳು.

ರಾಜಣ್ಣ ಹೇಳಿದ್ದು ಸರಿ. ಗಂಟೆಯಿಲ್ಲ, ಗೂಡಿಲ್ಲ, ಹಾಲಿಲ್ಲ. ಮೇಲಿನವರ ಉತ್ತರ ಮಾರ್ಚಿಯಲ್ಲೇ ಬಂದಿತ್ತು, ಗೋಡೆ ಮುಟ್ಟಕೂಡದು ಎಂದು. ಏಪ್ರಿಲಿನಲ್ಲಿ ನಿನಗೆ ಕಾಗದ ಬರೆಯುವಾಗ ನನಗದು ಗೊತ್ತಿತ್ತು. ಹಗ್ಗ ಬಿಚ್ಚಿದ್ದೂ ಗೊತ್ತಿತ್ತು. ಸಲಗ ಒಂದೇ ಒಂದು ದಿನ ಬಂದು ಹೋಗಿತ್ತು.

ಕಾಂಕ್ರೀಟಿನ ಸಂದಿಯಲ್ಲಿ ಕಲ್ಲು ಹಾಕಿದರೆ ಈಗ ಬೇಗ ಸದ್ದು ಬರುತ್ತದೆ. ನೀರು ಎರಡನೆಯದನ್ನೂ ದಾಟಿದೆ. ಪುಟ್ಟಮಾದು ಅದರ ಅಡಿಯಲ್ಲಿದ್ದಾನೆ. ಇನ್ನು ಯಾರಿಂದಲೂ ಏನೂ ಆಗುವುದಿಲ್ಲ. ಇದನ್ನು ಸುತ್ತಿ ಬಳಸಿ ಹೇಳಲು ನನ್ನ ಹತ್ತಿರ ಮಾತಿಲ್ಲ.

ಆವತ್ತಿನದು ಕೇಳಿದೆ. ಲೈನ್‌ಮನ್ ಕಂಬದ ಹತ್ತಿರ ನಿಂತಿದ್ದ. ಅವನು ಫ್ಯೂಸ್ ಕಿತ್ತಿದ್ದರೆ ಪಂಪ್ ತಾನಾಗಿ ನಿಲ್ಲುತ್ತಿತ್ತು, ನನ್ನ ಕೈಗೆ ಏನೂ ಅಂಟುತ್ತಿರಲಿಲ್ಲ. "ತಡಿ, ಓಡೋ ಮೋಟ್ರು ಅಂಗ್ ಕೊಲ್ಬಾರ್ದು, ನಾನೇ ನಿಲ್ಲಿಸ್ತೀನಿ" ಎಂದೆ. ಸ್ವಿಚ್ಚಿನ ಹಿಡಿ ಕೆಳಕ್ಕೆ ಎಳೆದೆ. ಒಂದಷ್ಟು ಹೊತ್ತು ಸುಮ್ಮನೆ ತಿರುಗಿತು, ಆಮೇಲೆ ನಿಂತಿತು. ಪೈಪಿನಲ್ಲಿ ಅರ್ಧ ದಾರಿ ಬಂದಿದ್ದ ನೀರು ವಾಪಸ್ ಕೆಳಗಿಳಿಯುವ ಸದ್ದು ಕೇಳಿಸಿತು. ಮೋಟರಿನ ಮೈ ಇನ್ನೂ ಬಿಸಿಯಾಗಿತ್ತು. ಅದರ ಪಕ್ಕ ಕುಳಿತು ಮೇಲೆ ಅಂಗೈ ಇಟ್ಟೆ. ತಣ್ಣಗಾಗುತ್ತಾ ಬಂತು. ಕೈ ತೆಗೆಯಲು ಆಗಲಿಲ್ಲ.

ಶಾಂತಮಲ್ಲಪ್ಪನವರು ಬಾಗಿಲಿಗೆ ಬಂದರು. ಅವರ ಹಿಂದೆ ಲೈನ್‌ಮನ್, ರಾಜಣ್ಣ, ಲಾರಿಯವರು.

"ಏನಯ್ಯ ಮಾದಯ್ಯ, ಅಳ್ತಾ ಇದ್ದೀಯಾ?"

"ಇಲ್ಲ ಸಾ. ಜ್ವರ ಇಳೀತಾ ನೋಡ್ತಾ ಇವ್ನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ ರಾಚವ್ವ. ಜೋರಾಗಿ ನಕ್ಕೆ. ಆವತ್ತು ನಾನು ನಿಜವಾಗಿ ಮಾಡಿದ್ದು ಅದು.

ಚಿಕ್ಕಮಾದಯ್ಯ